ಕರಿಹಲಗೆಯ ಮೂಲೆಯಲ್ಲಿ ಯಾರ ಹೆಸರು ಇರಬೇಕು?

ಶಿಕ್ಷಕರು ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗಿ ಬರುವಷ್ಟರಲ್ಲಿ ತರಗತಿಯ ಲೀಡರ್ ಸೀಮೆಸುಣ್ಣ ಹಿಡಿದು, ಹಲಗೆಯ ಮೂಲೆಯಲ್ಲಿ ‘ಮಾತನಾಡಿದವರು’ ಎಂದು ಬರೆದು ಕೆಳಗೆ ಹೆಸರು ಸೇರಿಸುತ್ತಾ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ನಾನೂ ವರ್ಷಗಟ್ಟಲೆ ಬರೆಸಿದ್ದೇನೆ. ದಿನವೂ ಅದೇ ನಾಲ್ಕು ಹೆಸರು. ಸುಮ್ಮನೆ ಕುಳಿತು ಓದಿದ ಮಕ್ಕಳ ಹೆಸರು ಎಲ್ಲೂ ಇರುತ್ತಿರಲಿಲ್ಲ. ಮಗುವಿಗೆ ಬೇಕಿರುವುದು ಶಿಕ್ಷಕರ ಗಮನ. ಒಳ್ಳೆಯ ಕೆಲಸಕ್ಕೆ ಅದು ಸಿಗದಿದ್ದರೆ ತಂಟೆ ಮಾಡಿಯಾದರೂ ಪಡೆದುಕೊಳ್ಳುತ್ತದೆ. ಅದಕ್ಕೇ ತಪ್ಪಿನ ಬದಲು ಒಳ್ಳೆಯ ನಡವಳಿಕೆಯನ್ನು ಗುರುತಿಸುವ ಪ್ರಯತ್ನವನ್ನು ನಿಮ್ಮ ತರಗತಿಯಲ್ಲಿ ಮಾಡಿ ನೋಡಿ.

ಮೊದಲು ನಿಮ್ಮ ಮಾತನ್ನೇ ಎಣಿಸಿ

ಎರಡು ದಿನ ಏನನ್ನೂ ಬದಲಿಸಬೇಡಿ. ಹಾಜರಿ ಪಟ್ಟಿಯ ಒಂದು ನಕಲನ್ನು ಮೇಜಿನ ಮೇಲಿಟ್ಟುಕೊಂಡು, ಗದರಲು ಕರೆದ ಹೆಸರಿನ ಮುಂದೆ ಒಂದು ಗೆರೆ, ಮೆಚ್ಚಲು ಕರೆದ ಹೆಸರಿನ ಮುಂದೆ ಒಂದು ಚುಕ್ಕೆ ಹಾಕಿ. ಗೆರೆಯೂ ಚುಕ್ಕೆಯೂ ಇಲ್ಲದ ಹೆಸರುಗಳನ್ನು ವಿಶೇಷವಾಗಿ ನೋಡಿ. ಇಡೀ ದಿನ ಶಾಲೆಯಲ್ಲಿದ್ದೂ ಯಾರ ಬಾಯಲ್ಲೂ ತಮ್ಮ ಹೆಸರು ಕೇಳದೆ ಮನೆಗೆ ಹೋದ ಮಕ್ಕಳು ಅವರು.

ನಿಯಮ ಮೂರು ಸಾಕು

ಮಕ್ಕಳನ್ನು ವೃತ್ತವಾಗಿ ಕೂರಿಸಿ ಅವರಿಂದಲೇ ಹೇಳಿಸಿ. ‘ಓಡಬೇಡಿ’ ಎಂದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಜಗುಲಿಯಲ್ಲಿ ನಡೆಯುತ್ತೇವೆ’ ಎಂದರೆ ತಿಳಿಯುತ್ತದೆ. ಬರೆದು ಅಂಟಿಸಿದರೆ ಸಾಲದು, ಅಭ್ಯಾಸ ಮಾಡಿಸಬೇಕು. ಬಿಸಿಯೂಟದ ಸಾಲನ್ನೇ ತೆಗೆದುಕೊಳ್ಳಿ. ಊಟದ ಹೊತ್ತಿಗಲ್ಲ, ಬೆಳಿಗ್ಗೆಯೇ ಖಾಲಿ ತಟ್ಟೆ ಹಿಡಿಸಿ ಕೈತೊಳೆಯುವ ನಲ್ಲಿಯಿಂದ ಬಡಿಸುವ ಜಾಗದವರೆಗೆ ಎರಡು ಬಾರಿ ನಡೆಸಿ. ಹಸಿದ ಹೊಟ್ಟೆಯಲ್ಲಿ ಶಿಸ್ತು ಕಲಿಯಲು ಯಾರಿಗೂ ಆಗುವುದಿಲ್ಲ.

ಮೆಚ್ಚುಗೆಯಲ್ಲಿ ಕೆಲಸದ ಹೆಸರಿರಲಿ

ಇಡೀ ಪ್ರಯತ್ನದ ಜೀವ ಇಲ್ಲಿದೆ. ‘ಗುಡ್’, ‘ಜಾಣೆ’ ಎಂದರೆ ಮಗು ಹಿಗ್ಗುತ್ತದೆ, ಆದರೆ ಯಾವುದಕ್ಕೆಂದು ತಿಳಿಯದು. ‘ಪಕ್ಕದವಳ ಪೆನ್ಸಿಲ್ ಮುರಿದಾಗ ಕೇಳುವ ಮೊದಲೇ ನಿನ್ನದನ್ನು ಕೊಟ್ಟೆಯಲ್ಲ, ನೋಡಿದೆ’ ಎನ್ನಿ. ಆ ‘ನೋಡಿದೆ’ ಎಂಬ ಮಾತಿಗೆ ಯಾವ ಸ್ಟಿಕ್ಕರೂ ಸಮನಲ್ಲ. ಕೆಲಸ ನಡೆದ ಕೂಡಲೇ ಹೇಳಿ. ಸಂಜೆಗೆ ಅದು ಹಳಸಿರುತ್ತದೆ. ಎಲ್ಲರೆದುರು ಹೊಗಳಿದರೆ ಮುದುಡಿಕೊಳ್ಳುವ ಮಕ್ಕಳೂ ಇರುತ್ತಾರೆ. ಅವರ ಪಕ್ಕ ಕುಳಿತು ಮೆಲ್ಲನೆ ಹೇಳಿ. ನಲಿ-ಕಲಿ ತರಗತಿಯಲ್ಲಿ ಶಿಕ್ಷಕರು ಹೇಗೂ ನೆಲದ ಮೇಲೆ ಮಕ್ಕಳ ಜೊತೆಗೇ ಇರುವುದರಿಂದ ಇದು ಇನ್ನೂ ಸುಲಭ.

ಈಗ ಪಟ್ಟಿ ತಿರುಗಿಸಿ

ಹಲಗೆಯ ಅದೇ ಮೂಲೆಯಲ್ಲಿ ‘ಸಹಾಯ ಮಾಡಿದವರು’ ಎಂದು ಬರೆಸಿ. ಹೆಸರಿನ ಜೊತೆ ಮಾಡಿದ ಕೆಲಸವನ್ನೂ ಲೀಡರ್ ಹೇಳಬೇಕು. ವಾರಕ್ಕೊಬ್ಬರು ಲೀಡರ್ ಆಗಲಿ, ತಂಟೆಗೆ ಹೆಸರಾದ ಹುಡುಗನಿಗೂ ಸರದಿ ಬರಲಿ. ಒಮ್ಮೆ ಬರೆದ ಹೆಸರನ್ನು ಆಮೇಲಿನ ತಪ್ಪಿಗಾಗಿ ಅಳಿಸಬೇಡಿ. ಮಾಡಿದ ಸಹಾಯ ಸುಳ್ಳಾಗುವುದಿಲ್ಲ. ಪಟ್ಟಿ ತುಂಬಿದ ದಿನ ಎಲ್ಲರಿಗೂ ಒಂದು ಕಥೆ, ಇಲ್ಲವೇ ಖೋ ಖೋ ಆಟಕ್ಕೆ ಹತ್ತು ನಿಮಿಷ ಹೆಚ್ಚು. 1969ರಲ್ಲಿ ಅಮೆರಿಕದ ಕಾನ್ಸಾಸ್‌ನ ನಾಲ್ಕನೇ ತರಗತಿಯೊಂದರಲ್ಲಿ ಎರಡು ತಂಡ ಮಾಡಿ ನಡೆಸಿದ ‘ಒಳ್ಳೆಯ ನಡವಳಿಕೆಯ ಆಟ’ದಲ್ಲಿ ಎರಡೂ ತಂಡಗಳು ಗೆಲ್ಲಬಹುದಿತ್ತು. ಆ ಅಂಶ ನನಗೆ ಬಹಳ ಹಿಡಿಸಿತು. ಸೋಲಲೇಬೇಕಾದ ಮಕ್ಕಳಿರುವ ಸ್ಪರ್ಧೆ ನಮಗೆ ಬೇಡ.

ತಪ್ಪಾದಾಗ

ದೂರದಿಂದ ಕೂಗುವ ಬದಲು ಹತ್ತಿರ ಹೋಗಿ ನಿಲ್ಲಿ. ಬಹಳಷ್ಟು ಸಲ ಅಷ್ಟೇ ಸಾಕು. ಸಾಲದಿದ್ದರೆ ಏನು ಮಾಡಬೇಕೆಂದು ಒಂದೇ ವಾಕ್ಯದಲ್ಲಿ ಹೇಳಿ, ಉಳಿದ ಮಾತು ವಿರಾಮದಲ್ಲಿ, ಒಬ್ಬರೇ ಇದ್ದಾಗ. ಹೊಡೆಯುವುದನ್ನೂ ಅವಮಾನಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಬಸ್ಕಿ ಹೊಡೆಸಿ ನಗೆಪಾಟಲು ಮಾಡುವುದೂ ಶಿಕ್ಷೆಯೇ. ಪದೇ ಪದೇ ಎದ್ದು ಓಡಾಡುವ ಮಗು ಬೆಳಿಗ್ಗೆ ತಿಂಡಿ ತಿಂದಿದೆಯೇ, ಹಲಗೆಯ ಮೇಲಿನ ಅಕ್ಷರ ಅದಕ್ಕೆ ಕಾಣುತ್ತಿದೆಯೇ ಎಂದು ಮೊದಲು ವಿಚಾರಿಸಿ.

ಮನೆಗೆ ಸುದ್ದಿ

ಶಾಲೆಯಿಂದ ಫೋನ್ ಬಂತೆಂದರೆ ದೂರೇ ಇರಬೇಕು ಎಂದು ಮನೆಯವರು ಬೆದರುತ್ತಾರೆ. ವಾರಕ್ಕೆ ಇಬ್ಬರ ಮನೆಗಾದರೂ ಒಳ್ಳೆಯ ಸುದ್ದಿಗಾಗಿಯೇ ಫೋನ್ ಮಾಡಿ. ಕರೆದೊಯ್ಯಲು ಅಜ್ಜಿ ಬಂದಿದ್ದರೆ ಗೇಟಿನ ಬಳಿಯೇ, ಮಗುವಿಗೂ ಕೇಳಿಸುವಂತೆ ಹೇಳಿ: ‘ಅಜ್ಜಿ, ಇವತ್ತು ನಿಮ್ಮ ಮೊಮ್ಮಗ ಒಂದನೇ ತರಗತಿಯ ಮಕ್ಕಳ ತಟ್ಟೆಗಳನ್ನೂ ತೊಳೆದುಕೊಟ್ಟ.’