ಗೂಢಚಾರನ ಕತೆಗೆ ಮನೆಯೇ ಮೊದಲ ಅಧ್ಯಾಯ

ಬೇಹುಗಾರಿಕೆಯ ಕಾದಂಬರಿ ಬರೆಯುತ್ತಿದ್ದೇನೆ ಎಂದರೆ ಸಾಕು, ಹೊಡೆದಾಟ ಎಷ್ಟಿದೆ ಎಂದು ಕೇಳುತ್ತಾರೆ. ನನ್ನದರಲ್ಲಿ ಒಂದೂ ಇಲ್ಲ. ನನ್ನನ್ನು ಕಾಡಿದ್ದು ಬೇರೆ: ದೇಶಕ್ಕೇ ದ್ರೋಹ ಬಗೆಯುವವನು ಆ ವಿದ್ಯೆಯನ್ನು ಕಲಿತದ್ದು ಎಲ್ಲಿ? ಅಪ್ಪನ ಕೈಕೆಳಗೇ ಕಲಿತಿರಬೇಕು ಎಂಬ ಗುಮಾನಿಯಿಂದ ಕೂತೆ.

ಓದುತ್ತಾ ಹೋದಂತೆ ಗುಮಾನಿ ಗಟ್ಟಿಯಾಯಿತು. ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿದ್ದುಕೊಂಡೇ ಸೋವಿಯತ್ತರಿಗೆ ದುಡಿದ ಕಿಮ್ ಫಿಲ್ಬಿ ಹುಟ್ಟಿದ್ದು 1912ರಲ್ಲಿ, ಅಂಬಾಲಾದಲ್ಲಿ. ಅವನಪ್ಪ ಐಸಿಎಸ್ ಅಧಿಕಾರಿ. ಮುಂದೆ ಬ್ರಿಟಿಷರ ನೌಕರಿ ಬಿಟ್ಟು ಅರೇಬಿಯಾದ ದೊರೆ ಇಬ್ನ್ ಸೌದ್‌ಗೆ ಸಲಹೆಗಾರನಾದವನು. ಆದರೆ ನನ್ನ ಕತೆಗೆ ಹೆಚ್ಚು ಒದಗಿದ್ದು ಅಮೆರಿಕದ ನೌಕಾಪಡೆಯ ಜಾನ್ ವಾಕರ್. 1985ರ ಮೇ ತಿಂಗಳಲ್ಲಿ ಅವನು ರಸ್ತೆಬದಿಯಲ್ಲಿ ರಷ್ಯನ್ನರಿಗೆಂದು ಚೀಲವೊಂದನ್ನು ಇಟ್ಟುಹೋದ. ಮೇಲೆ ಕಸ, ಅಡಿಯಲ್ಲಿ ರಹಸ್ಯ ಕಾಗದ. ಆ ಕಾಗದಗಳನ್ನು ನಿಮಿಟ್ಸ್ ಯುದ್ಧನೌಕೆಯಿಂದ ಕದ್ದು ಕೊಟ್ಟವನು ಅವನ ಸ್ವಂತ ಮಗ ಮೈಕೆಲ್. ಎಫ್‌ಬಿಐ ಚೀಲ ಎತ್ತಿಕೊಂಡಿತು, ಇಬ್ಬರೂ ಸಿಕ್ಕಿಬಿದ್ದರು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹೆರಾಲ್ಡ್ ನಿಕೋಲ್ಸನ್ ಇನ್ನೂ ಮುಂದೆ ಹೋದ: ರಷ್ಯನ್ನರಿಗೆ ರಹಸ್ಯ ಮಾರಿ ಸಿಕ್ಕಿಬಿದ್ದು ಜೈಲಿನಲ್ಲಿದ್ದುಕೊಂಡೇ, ರಷ್ಯನ್ನರಿಂದ ದುಡ್ಡು ತರಲು ಮಗನನ್ನು ಅಟ್ಟಿದ. ಆ ಹುಡುಗ ಪೆರುವಿನ ಲಿಮಾ, ಸೈಪ್ರಸ್‌ನ ನಿಕೋಸಿಯಾ ಎಂದು ಅಲೆದ.

ಹಾಗಾಗಿ ನನ್ನ ಕಾದಂಬರಿಯಲ್ಲಿ ಗುಪ್ತಭೇಟಿ, ಸಂಕೇತಲಿಪಿಗಳನ್ನೆಲ್ಲ ಒಂದೆರಡು ಪುಟಕ್ಕೆ ಮುಗಿಸಿ, ಮುಂದೆ ಗೂಢಚಾರನಾಗುವ ಮಗನ ಬಾಲ್ಯದ ಮೇಲೆ ಕೂತೆ. ಅಪ್ಪ ಬಾಗಿಲಿಗೆ ಬೀಗದ ಕೈ ಹಾಕುವ ಸದ್ದು. ಒಂದೇ ಸಲಕ್ಕೆ ತಿರುಗಿತೋ, ಕಿಂಡಿ ಹುಡುಕಿ ಗೀರಿತೋ? ಅಷ್ಟರಲ್ಲೇ ಹುಡುಗ ಇವತ್ತು ಯಾವ ಮುಖ ಹಾಕಿಕೊಳ್ಳಬೇಕೆಂದು ನಿರ್ಧರಿಸುತ್ತಾನೆ, ಅಂಕಪಟ್ಟಿಯನ್ನು ಪುಸ್ತಕದೊಳಗೆ ಸರಿಸುತ್ತಾನೆ. ಈ ದೃಶ್ಯದಲ್ಲಿ ‘ಭಯ’ ಎಂದು ಎಲ್ಲೂ ಬರೆಯಲಿಲ್ಲ. ಮುಂದೆ ಕಚೇರಿಯಲ್ಲಿ ಮೇಲಧಿಕಾರಿಯ ಹೆಜ್ಜೆ ಸಪ್ಪಳ ಕೇಳಿಯೇ ಅವನು ಕಡತ ಮುಚ್ಚಿದಾಗ ಓದುಗರಿಗೆ ವಿವರಣೆ ಬೇಕಾಗುವುದಿಲ್ಲ.

ಅಪ್ಪನಿಗೆ ಒಂದು ಚಾಳಿ ಕೊಟ್ಟೆ: ಸುಳ್ಳು ಹೇಳುವಾಗ ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತಾನೆ. “ಎಲ್ಲಿಗೆ ಹೋಗಿದ್ರಿ ಅಪ್ಪಾ?” ಎಂದರೆ ಬಸ್ಸಿನಲ್ಲಿ ಪಕ್ಕ ಕೂತವನ ವರ್ಣನೆಯೂ ಬರುತ್ತದೆ. ಮಗ ಇದನ್ನು ಚಿಕ್ಕಂದಿನಲ್ಲೇ ಹಿಡಿದಿದ್ದಾನೆ. ವಿಚಾರಣೆಯ ಅಧ್ಯಾಯದಲ್ಲಿ ಅವನು ಬೇಕೆಂದೇ ಅರೆಬರೆ ಉತ್ತರ ಕೊಟ್ಟು ಪಾರಾಗುತ್ತಾನೆ. ಕಾದಂಬರಿಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು; ಬರೆಯಲು ಅತಿ ಸುಲಭವಾದದ್ದೂ ಹೌದು, ಯಾಕೋ.

ಕಷ್ಟವಾದದ್ದು ಅಪ್ಪನನ್ನು ಖಳನಾಗಲು ಬಿಡದಿರುವುದು. ಅವನಿಗೆ ಒಳ್ಳೆಯ ಹಾಸ್ಯಪ್ರಜ್ಞೆ ಇದೆ, ಮಗನಿಗೆ ಈಜು ಕಲಿಸುತ್ತಾನೆ. ಮಗ ಅವನನ್ನು ಪ್ರೀತಿಸದೇ ಇದ್ದರೆ, ಕೊನೆಯಲ್ಲಿ ಅವನ ಹೆಸರನ್ನು ತನಿಖೆಯವರಿಗೆ ಕೊಡುವುದು ಬರೀ ಸೇಡಾಗುತ್ತಿತ್ತು. ಕರಡು ಓದಿದ ಗೆಳೆಯರೊಬ್ಬರು ಇಬ್ಬರನ್ನೂ ರಾಜಿ ಮಾಡಿಸು ಎಂದರು. ಒಪ್ಪಲಿಲ್ಲ. ಹೆಸರು ಕೊಟ್ಟ ಮೇಲೂ ಮಗ ಜೈಲಿಗೆ ಹೋಗಿ ಅಪ್ಪನನ್ನು ಕಾಣುತ್ತಾನೆ; ಕೊಟ್ಟವನು ತಾನೆಂದು ಬಾಯಿಬಿಡುವುದಿಲ್ಲ. ಅಪ್ಪನಿಗೆ ಗೊತ್ತೋ ಇಲ್ಲವೋ, ಅದನ್ನು ಓದುಗರಿಗೇ ಬಿಟ್ಟಿದ್ದೇನೆ.