ಹಿಮ್ಮಡಿಯ ನಾಲ್ಕು ಹನಿ: ನವಜಾತ ಶಿಶುವಿನ ರಕ್ತ ತಪಾಸಣೆ

ಥೈರಾಯ್ಡ್ ಕೊರತೆಯಂಥ ಹುಟ್ಟು ಕಾಯಿಲೆಗಳ ಪತ್ತೆಗೆ ಮಗು ಹುಟ್ಟಿದ 48ರಿಂದ 72 ಗಂಟೆಯೊಳಗೆ ರಕ್ತ ತೆಗೆಯಿರಿ. ಮೊದಲ ದಿನ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವ ಹಾರ್ಮೋನ್) ತಾನಾಗಿಯೇ ಏರಿರುತ್ತದೆ. ಆಗ ತೆಗೆದರೆ ಥೈರಾಯ್ಡ್ ನೆಟ್ಟಗಿರುವ ಮಗುವಿಗೂ ತೊಂದರೆಯಿದೆ ಎಂದು ವರದಿ ಬರಬಹುದು. ಮಗುವಿಗೆ ರಕ್ತ ಕೊಡಬೇಕಾಗಿ ಬಂದರೆ ಮಾತ್ರ ಕಾಯಬೇಡಿ, ಕೊಡುವ ಮೊದಲೇ ಮಾದರಿ ತೆಗೆದಿಡಿ. ದಾನಿಯ ಕೆಂಪುಕಣಗಳು ಗ್ಯಾಲಕ್ಟೋಸೀಮಿಯಾವನ್ನೂ (ಹಾಲಿನ ಸಕ್ಕರೆಯ ಒಂದು ಅಂಶವನ್ನು ದೇಹ ಬಳಸಲಾಗದ ಕಾಯಿಲೆ) ಜಿ6ಪಿಡಿ (ಕೆಂಪುಕಣಗಳನ್ನು ಕಾಪಾಡುವ ಕಿಣ್ವ) ಕೊರತೆಯನ್ನೂ ಮರೆಮಾಚುತ್ತವೆ.

ಹಿಮ್ಮಡಿಗೆ ಬೆಚ್ಚಗಿನ ಬಟ್ಟೆ ಸುತ್ತಿ 3–5 ನಿಮಿಷ ಬಿಡಿ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರಲಿ. ಚುಚ್ಚುವುದು ಹಿಮ್ಮಡಿಯ ತಳದ ಒಳ ಅಥವಾ ಹೊರ ಅಂಚಿನಲ್ಲಿ, 2 ಮಿ.ಮೀ. ಮೀರದಂತೆ. ಹಿಂಭಾಗದಲ್ಲಿ ಚುಚ್ಚಬೇಡಿ, ಅಲ್ಲಿ ಮೂಳೆ ಚರ್ಮಕ್ಕೆ ತೀರ ಹತ್ತಿರ. ಮೊದಲ ಹನಿ ಒರೆಸಿ ಬಿಡಿ. ಮುಂದಿನದು ದಪ್ಪಗೆ ಕಟ್ಟಿದಾಗ ಫಿಲ್ಟರ್ ಪೇಪರ್ ಕಾರ್ಡಿನ ಒಂದೇ ಬದಿಗೆ ತಾಗಿಸಿ. ರಕ್ತ ಹಿಂಬದಿಗೂ ಇಳಿಯಬೇಕು. ಅವಸರಪಟ್ಟು ಹಿಂಡಿದರೆ ದೇಹದ ನೀರಂಶ ಬೆರೆತು ರಕ್ತ ತೆಳುವಾಗುತ್ತದೆ, ಹನಿಯ ಮೇಲೆ ಹನಿ ಹಾಕಿದರೆ ಅಳತೆಯೇ ಕೆಡುತ್ತದೆ. ಕಾರ್ಡನ್ನು ಬಿಸಿಲು ತಾಗದಂತೆ ಅಡ್ಡಲಾಗಿಟ್ಟು ಕನಿಷ್ಠ 3 ಗಂಟೆ ಒಣಗಿಸಿ. ಹೇರ್ ಡ್ರೈಯರ್ ಬೇಡವೇ ಬೇಡ.

ವರದಿ ಪಾಸಿಟಿವ್ ಬಂದರೆ ಅದೇ ರೋಗನಿರ್ಣಯವಲ್ಲ. ರಕ್ತನಾಳದಿಂದ ರಕ್ತ ತೆಗೆದು ಖಚಿತಪಡಿಸಬೇಕು. ಹಾಗೆಂದು ದಿನ ತಳ್ಳುವಂತಿಲ್ಲ. “ಪಾಪ, ಅಳುವುದೇ ಇಲ್ಲ, ಎಷ್ಟು ಸಾಧು ಮಗು” ಎಂದು ಮನೆಯವರು ಹೊಗಳುವ ಆ ಮೌನವೇ ಥೈರಾಯ್ಡ್ ಕೊರತೆಯ ಲಕ್ಷಣವಾಗಿರಬಹುದು. ಎರಡು ವಾರದೊಳಗೆ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಶುರುವಾದರೆ ಬುದ್ಧಿ ಬೆಳವಣಿಗೆ ಉಳಿಯುತ್ತದೆ. ವೈದ್ಯರು ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 10–15 ಮೈಕ್ರೋಗ್ರಾಂ ಬರೆಯುತ್ತಾರೆ. ಮಾತ್ರೆ ಪುಡಿಮಾಡಿ ಒಂದು ಚಮಚ ಎದೆಹಾಲಿನಲ್ಲಿ ಕೊಡಿ. ಬಾಟಲಿಗೆ ಬೆರೆಸಿದರೆ ಉಳಿದ ಹಾಲಿನ ಜೊತೆ ಔಷಧವೂ ಹೋಯಿತು. ಕಬ್ಬಿಣ, ಕ್ಯಾಲ್ಸಿಯಂ ಹನಿಗಳನ್ನು ಅದರ ಜೊತೆಗೆ ಕೊಡಬೇಡಿ. ಮಗು ಚೆನ್ನಾಗಿದೆಯೆಂದು ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಿ ನೋಡುವ ಪ್ರಶ್ನೆ 3 ವರ್ಷ ತುಂಬಿದ ಮೇಲೆ, ಅದೂ ವೈದ್ಯರ ಕಣ್ಣೆದುರು.