ಯಾವ ಕ್ಲಾಸಿಗೆ ಕಿವಿ, ಯಾವ ಕ್ಲಾಸಿಗೆ ಕೈ: ನನ್ನ ಬಿ.ಕಾಂ. ಅನುಭವ

ಬಿ.ಕಾಂ.ಗೆ ಸೇರಿದ ಹೊಸತರಲ್ಲಿ ನಮಗೆಲ್ಲ ಒಂದು ಪ್ರಶ್ನೆಪಟ್ಟಿ ಕೊಟ್ಟಿದ್ದರು. ನೀವು ನೋಡಿ ಕಲಿಯುವವರೋ, ಕೇಳಿ ಕಲಿಯುವವರೋ, ಓದಿ ಬರೆದು ಕಲಿಯುವವರೋ, ಮಾಡಿ ಕಲಿಯುವವರೋ ಅಂತ ತಿಳಿಯುವುದಕ್ಕೆ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ರೂಪಿಸಿದ ವಾರ್ಕ್ ಪಟ್ಟಿಯ ಮಾದರಿ ಅದು. ನನಗೆ ‘ಓದಿ ಬರೆದು’ ಅಂತ ಬಂತು. ಪಕ್ಕದಲ್ಲಿ ಕೂತವಳಿಗೆ ‘ಕೇಳಿ’. “ಹಾಗಾದ್ರೆ ನಿಂಗೆ ಕ್ಲಾಸೇ ಬೇಡ, ಪುಸ್ತಕ ಸಾಕು” ಅಂತ ಅವಳು ನಕ್ಕಳು.

ಈಗ ನಾನು ಕೇರಳದ ಕಾಸರಗೋಡಿನಲ್ಲಿ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ ಕೆಲಸ ಮಾಡುತ್ತೇನೆ. ಭಾನುವಾರ ಡಿಗ್ರಿ ಮಕ್ಕಳಿಗೆ ಅಕೌಂಟ್ಸ್ ಹೇಳಿಕೊಡುತ್ತೇನೆ. “ಯೂಟ್ಯೂಬ್ ನೋಡಿದ್ರೆ ಸಾಕಲ್ವಾ ಅಕ್ಕಾ, ಕ್ಲಾಸ್ ಯಾಕೆ?” ಅಂತ ಅವರು ಕೇಳುತ್ತಾರೆ. ಯಾವ ವಿಷಯಕ್ಕೆ ಅಂತ ಮೊದಲು ಹೇಳು ಅನ್ನುತ್ತೇನೆ. ಮೂರು ವರ್ಷ ನಾನು ಓದಿದ್ದು ಈ ಒಂದು ಲೆಕ್ಕಾಚಾರದ ಮೇಲೆಯೇ. ಕಲಿಯುವ ರೀತಿಯನ್ನು ವಿಷಯ ತೀರ್ಮಾನಿಸುತ್ತದೆ, ನನ್ನ ಸ್ವಭಾವ ಅಲ್ಲ.

ನಮ್ಮ ಕಡೆಯ ಪರಿಸ್ಥಿತಿ ಸ್ವಲ್ಪ ಹೇಳಬೇಕು. ನಾನು ಬದಿಯಡ್ಕದ ಕಡೆಯವಳು. ಪ್ಲಸ್ ಟುವರೆಗೂ ಸುತ್ತ ಇದ್ದವರೆಲ್ಲ ಕನ್ನಡದವರೇ. ಡಿಗ್ರಿಗೆ ಬಂದರೆ ಪುಸ್ತಕ ಇಂಗ್ಲಿಷು, ಬೋರ್ಡಿನ ಮೇಲಿನ ಬರಹ ಇಂಗ್ಲಿಷು, ವಿವರಣೆ ಮಾತ್ರ ಮಲಯಾಳ. ಮನೆಗೆ ಬಂದರೆ ತುಳು. ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳುವ ಮಲಯಾಳ ನನಗೆ ಅರ್ಥ ಆಗುತ್ತಿತ್ತು. ಆದರೆ ಸರ್ ಒಂದೇ ಉಸಿರಿಗೆ ಪಾಲುದಾರಿಕೆಯ ಲೆಕ್ಕ ವಿವರಿಸುವ ಮಲಯಾಳ ಬೇರೆಯೇ. ಮೊದಲ ಸೆಮಿಸ್ಟರ್‌ನಲ್ಲಿ ನಾನು ಒಂದು ಕ್ಲಾಸೂ ಬಿಡದಿರಲು ಕಾರಣ ಇದು. ಕಿವಿ ಪಳಗಬೇಕಿತ್ತು. ಅದಕ್ಕೆ ಪುಸ್ತಕವೂ ಇಲ್ಲ, ವಿಡಿಯೋವೂ ಇಲ್ಲ.

ಅಕೌಂಟ್ಸ್ ಕ್ಲಾಸಿನಲ್ಲಿ ನಾನು ನೋಟ್ಸಿನ ಬಲಪುಟದಲ್ಲಿ ಮಾತ್ರ ಬೋರ್ಡಿನ ಲೆಕ್ಕ ಇಳಿಸಿಕೊಳ್ಳುತ್ತಿದ್ದೆ. ಎಡಪುಟ ಖಾಲಿ. ಅದರಲ್ಲಿ ‘ಇದು ಇಲ್ಲಿಗೆ ಯಾಕೆ ಬಂತು’ ಅನ್ನುವುದನ್ನು ಕನ್ನಡದಲ್ಲಿ ಗೀಚುತ್ತಿದ್ದೆ. ಒಂದು ಉದಾಹರಣೆ ಹೇಳುತ್ತೇನೆ. ಒಂದು ಲಕ್ಷದ ಯಂತ್ರ, ಏಪ್ರಿಲ್ 1ಕ್ಕೆ ಕೊಂಡದ್ದು. ಸವಕಳಿ (ಬಳಸುತ್ತಾ ಹೋದಂತೆ ಯಂತ್ರದ ಬೆಲೆ ಕಡಿಮೆಯಾಗುವುದು) ವರ್ಷಕ್ಕೆ ಶೇಕಡಾ 10, ಇಳಿಯುವ ಬೆಲೆಯ ಮೇಲೆ. ಮೊದಲ ವರ್ಷ 10,000 ಹೋಯಿತು, ಎರಡನೇ ವರ್ಷ 9,000. ಉಳಿದದ್ದು 81,000. ಮೂರನೇ ವರ್ಷ ಸೆಪ್ಟೆಂಬರ್ 30ಕ್ಕೆ ಅದನ್ನು 70,000ಕ್ಕೆ ಮಾರಿದರು. ನಷ್ಟ ಎಷ್ಟು? ಅರ್ಧ ಕ್ಲಾಸು 11,000 ಅಂದಿತು. ಸರ್ ಮಾತಾಡಲಿಲ್ಲ. ಬೋರ್ಡಿನಲ್ಲಿ ‘ಸೆಪ್ಟೆಂಬರ್ 30’ರ ಅಡಿಗೆ ಗೆರೆ ಎಳೆದು ಸುಮ್ನೆ ನಿಂತರು. ಹಿಂದಿನ ಬೆಂಚಿನವನೊಬ್ಬ, “ಸರ್, ಆರು ತಿಂಗಳು ಓಡಿಸಿದ್ದಾರಲ್ಲ, ಅದಕ್ಕೂ ಸವಕಳಿ ಬೇಡ್ವಾ?” ಅಂದ. ಹೌದು, ಆ ಆರು ತಿಂಗಳಿಗೆ 4,050. ಲೆಕ್ಕದ ಪುಸ್ತಕದಲ್ಲಿ ಯಂತ್ರದ ಬೆಲೆ 76,950. ನಷ್ಟ 6,950 ಮಾತ್ರ.

ಪುಸ್ತಕದ ಸಾಲ್ವ್ಡ್ ಪ್ರಾಬ್ಲೆಮ್‌ನಲ್ಲಿ ಈ 4,050 ತಣ್ಣಗೆ ಕೂತಿರುತ್ತದೆ. ನೋಡಿದರೆ ‘ಓ, ಸರಿ’ ಅನ್ನಿಸುತ್ತದೆ. ಆದರೆ 11,000 ಅನ್ನುವ ತಪ್ಪು ಉತ್ತರ ಎಲ್ಲಿಂದ ಹುಟ್ಟುತ್ತದೆ, ಯಾರು ಎಲ್ಲಿ ಎಡವುತ್ತಾರೆ ಅನ್ನುವುದು ಪುಸ್ತಕದಲ್ಲಿ ಇಲ್ಲ. ಅದು ಸಿಗುವುದು ನಲವತ್ತು ಜನ ಒಟ್ಟಿಗೆ ಯೋಚಿಸುವ ಕೋಣೆಯಲ್ಲಿ. ಅಕೌಂಟ್ಸ್ ಕ್ಲಾಸ್ ಬಿಡಬೇಡಿ ಅಂತ ನಾನು ಹಟ ಹಿಡಿದು ಹೇಳುವುದು ಅದಕ್ಕೇ.

ಹಾಗಂತ ಬರೀ ಕೂತು ಇಳಿಸಿಕೊಂಡರೆ ಏನೂ ಬರುವುದಿಲ್ಲ. ಅದೇ ಸಂಜೆ ನೋಟ್ಸ್ ಮುಚ್ಚಿ, ಬಿಳಿ ಹಾಳೆಯಲ್ಲಿ ಅದೇ ಲೆಕ್ಕ ಮೊದಲಿನಿಂದ ಮಾಡುತ್ತಿದ್ದೆ. ಎಲ್ಲಿ ನಿಂತುಹೋಯಿತೋ ಅಲ್ಲಿಗೆ ಕೆಂಪು ಚುಕ್ಕಿ. ಮುಂದಿನ ವಾರ ಆ ಚುಕ್ಕಿಗಳನ್ನಷ್ಟೇ ಮತ್ತೆ. ಇದು ನಾನು ಕಂಡುಹಿಡಿದದ್ದೇನಲ್ಲ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದ್ದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದೆ ಹೋದರು. ನಮ್ಮ ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲವಲ್ಲ.

ಬಿಸಿನೆಸ್ ಲಾ ಬಸ್ಸಿನಲ್ಲಿ ಕಲಿತೆ. ಬದಿಯಡ್ಕದಿಂದ ಹೋಗುವ ದಾರಿಯಲ್ಲಿ ನಾವು ಇಬ್ಬರು ಮೂವರು ವಾದ ಮಾಡುವುದು. ಹದಿನೇಳು ವರ್ಷದವನಿಗೆ ಬೈಕ್ ಮಾರಿದರೆ ದುಡ್ಡು ವಸೂಲಿ ಮಾಡಬಹುದಾ? 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅವನು ಕರಾರು ಮಾಡಿಕೊಳ್ಳಲು ಅರ್ಹನೇ ಅಲ್ಲ. 1903ರ ಮೋಹರಿ ಬೀಬಿ ಕೇಸಿನಲ್ಲಿ ಅಂಥ ಕರಾರು ಮೊದಲಿನಿಂದಲೇ ಶೂನ್ಯ ಅಂತಾಯಿತು. “ಅವನು ವಯಸ್ಸು ಸುಳ್ಳು ಹೇಳಿದ್ರೆ?” ಅಂತ ಒಬ್ಬಳು ಎತ್ತಿಕೊಂಡರೆ ಕಾಲೇಜು ಬರುವವರೆಗೂ ಮುಗಿಯುತ್ತಿರಲಿಲ್ಲ. ಲಾ ಅಂದರೆ ಬಾಯಿಯ ವಿಷಯ.

ಕಾಸ್ಟಿಂಗ್, ಅಂದರೆ ಸರಕಿನ ವೆಚ್ಚ ಲೆಕ್ಕ ಹಾಕುವ ವಿಷಯ ಮಾತ್ರ ನನಗೆ ಬೋರ್ಡಿನಿಂದ ಹತ್ತಲಿಲ್ಲ. ಸ್ಥಿರ ವೆಚ್ಚ (ಎಷ್ಟು ಮಾಡಿದರೂ ಅಷ್ಟೇ), ಬದಲಾಗುವ ವೆಚ್ಚ (ಮಾಡಿದಷ್ಟೂ ಏರುವುದು) ಅಂತ ಪಟ್ಟಿ ಬಾಯಿಪಾಠ ಆಗಿತ್ತು, ಅಷ್ಟೆ. ಮಾವನದ್ದು ನೇಂದ್ರ ಬಾಳೆಕಾಯಿ ಚಿಪ್ಸ್ ಅಂಗಡಿ. ಒಂದು ಸಂಜೆ ಹೋಗಿ ಕೂತೆ. “ಮಾವ, ಹುಡುಗನಿಗೆ ತಿಂಗಳ ಸಂಬಳವಾ, ದಿನದ್ದಾ?” ಅಂದೆ. “ಒಬ್ಬನಿಗೆ ತಿಂಗಳದ್ದು. ಓಣಕ್ಕೆ ಇಬ್ಬರು ಜಾಸ್ತಿ ಬರ್ತಾರೆ, ಅವರಿಗೆ ಕಿಲೋಕ್ಕೆ ಇಷ್ಟು ಅಂತ” ಅಂದರು ಮಾವ. ಅಂದರೆ ಒಂದೇ ಕೆಲಸಕ್ಕೆ ಕೊಡುವ ಕೂಲಿ ಒಂದು ಕಡೆ ಸ್ಥಿರ, ಇನ್ನೊಂದು ಕಡೆ ಬದಲಾಗುವಂಥದ್ದು. ಪುಸ್ತಕದ ಪಟ್ಟಿಯಲ್ಲಿ ‘ಕೂಲಿ’ ಒಂದೇ ಕಡೆ ಇತ್ತು!

ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನು ದುಂಡು ಮಾಡಿಕೊಂಡೆ. ಕಿಲೋ ಚಿಪ್ಸ್ 400 ರೂಪಾಯಿ. ಕಾಯಿ, ತೆಂಗಿನೆಣ್ಣೆ, ಗ್ಯಾಸು, ಕವರು ಸೇರಿ 290. ಕಿಲೋಗೆ ಉಳಿಯುವುದು 110. ಬಾಡಿಗೆ, ಕರೆಂಟು, ಹುಡುಗನ ಸಂಬಳ ತಿಂಗಳಿಗೆ 22,000. ಭಾಗಿಸಿದರೆ 200 ಕಿಲೋ. ಅಷ್ಟು ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದೇ ಬ್ರೇಕ್ ಈವನ್. ಎಣ್ಣೆಗೆ ರೇಟು ಏರಿ 290 ಇದ್ದದ್ದು 320 ಆಯಿತು ಅಂದುಕೊಳ್ಳಿ. ಉಳಿಯುವುದು 80. ಈಗ 275 ಕಿಲೋ ಮಾರಬೇಕು. ಕಿಲೋ ಮೇಲಿನ ಖರ್ಚು ಏರಿದ್ದು 30 ರೂಪಾಯಿ, ಅಂಗಡಿ ಮಾರಬೇಕಾದದ್ದು 75 ಕಿಲೋ ಜಾಸ್ತಿ. ಮಾವ ಹಾಳೆ ತಿರುಗಿಸಿ ನೋಡಿ, “ಇದಕ್ಕೇ ನಾನು ಎಣ್ಣೆಯ ರೇಟು ದಿನಾ ಕೇಳುದು” ಅಂದರು. ಬ್ರೇಕ್ ಈವನ್ ನನಗೆ ಆ ದಿನ ಅರ್ಥ ಆಯಿತು.

ಜಿಎಸ್‌ಟಿಯಲ್ಲಿ ಗಡಿನಾಡಿನವರಿಗೆ ಒಂದು ಅನುಕೂಲ ಇದೆ. ನಾನು ಸೇರಿದ 2017ರಲ್ಲೇ ಅದು ಜಾರಿಗೆ ಬಂದದ್ದು, ಟೀಚರಿಗೂ ಹೊಸತು, ನಮಗೂ ಹೊಸತು. ಕೇರಳದಲ್ಲಿರುವ ಉಪ್ಪಳದ ಅಂಗಡಿಗೆ ಕರ್ನಾಟಕದ ಮಂಗಳೂರಿನ ಸಗಟು ವ್ಯಾಪಾರಿ ಕಳಿಸಿದ ಮಾಲಿನ ಬಿಲ್ಲಿನಲ್ಲಿ ಐಜಿಎಸ್‌ಟಿ (ರಾಜ್ಯ ದಾಟುವ ಮಾಲಿನ ತೆರಿಗೆ) ಇರುತ್ತದೆ. ಅದೇ ಮಾಲು ಕಾಸರಗೋಡಿನಿಂದ ಬಂದರೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಅಂತ ಅರ್ಧ ಅರ್ಧ. ಗುರುತಿನ ಅಂಗಡಿಯಿಂದ ಎರಡು ಬಗೆಯ ಬಿಲ್ಲು ತಂದು ಪಕ್ಕ ಪಕ್ಕ ಇಟ್ಟುಕೊಂಡರೆ ಆಯಿತು.

ಮ್ಯಾನೇಜ್‌ಮೆಂಟ್ ಥಿಯರಿ ಕ್ಲಾಸಿಗೆ ನಾನು ಹೋದದ್ದು ಹಾಜರಿಗೆ, ಮುಚ್ಚುಮರೆ ಏನಿಲ್ಲ. ಪುಸ್ತಕದಲ್ಲಿದ್ದದ್ದನ್ನೇ ಓದಿ ಬರೆಸುತ್ತಿದ್ದರು. ಅಂಥ ಗಂಟೆಯಲ್ಲಿ ಹಿಂದಿನ ಪಾಠದ ಮುಖ್ಯ ವಿಷಯ ನೆನಪಿನಿಂದ ಬರೆಯುತ್ತಿದ್ದೆ. ಕೂತ ಹೊತ್ತು ದಂಡವಾಗಲಿಲ್ಲ.

ಹಾಜರಿಯ ಬಗ್ಗೆ 2010ರಲ್ಲಿ ಕ್ರೆಡೆ ಮತ್ತು ಇತರ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದ್ದರು. ಕಾಲೇಜಿನ ಅಂಕಗಳ ಜೊತೆ ಹಾಜರಿಗೆ ಗಟ್ಟಿ ನಂಟು ಕಂಡಿತು. ಆದರೆ ಹಾಜರಿ ಕಡ್ಡಾಯ ಮಾಡಿದ್ದರಿಂದ ಅಂಕ ಏರಿದ್ದು ಸ್ವಲ್ಪವೇ. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಕೋವಿಡ್ ಬಂದು ಎಂ.ಕಾಂ. ಕ್ಲಾಸು ಫೋನಿಗೆ ಇಳಿದಾಗ ಹಾಜರಿ ಎಲ್ಲರದ್ದೂ ಚೆನ್ನಾಗಿತ್ತು. ಕ್ಯಾಮೆರಾ ಆಫ್, ಮೈಕ್ ಆಫ್, ಒಬ್ಬಳು ಅಡಿಕೆ ಸುಲಿಯುತ್ತ ‘ಪ್ರೆಸೆಂಟ್’ ಅಂತ ಟೈಪ್ ಮಾಡುತ್ತಿದ್ದಳು. ನೋಡಿ, ಕೇಳಿ, ಓದಿ ಅನ್ನುವ ಆ ಕಲಿಕೆಯ ಶೈಲಿಯ ಬಗ್ಗೆಯೂ ಹಾಗೇ. 2008ರಲ್ಲಿ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು, ಶೈಲಿಗೆ ತಕ್ಕ ಪಾಠ ಕೊಟ್ಟರೆ ಜಾಸ್ತಿ ಕಲಿಯುತ್ತಾರೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದರು. ಇಷ್ಟ ಇರಬಹುದು, ಲಾಭ ಬೇರೆ ಮಾತು.

ಮಕ್ಕಳಿಗೆ ಕೊನೆಗೆ ಒಂದು ಲೆಕ್ಕ ಮಾಡಿಸುತ್ತೇನೆ. ಸೆಮಿಸ್ಟರ್‌ಗೆ 90 ದಿನ ಕ್ಲಾಸು ಅಂತಿಟ್ಟುಕೊಳ್ಳಿ. ಬೇಕಾದ ಹಾಜರಿ ಶೇಕಡಾ 75 ಅಂದರೆ 68 ದಿನ ಇರಲೇಬೇಕು. ಕೈಯಲ್ಲಿ 22 ದಿನ. ಜೂನ್, ಜುಲೈನ ಮಳೆಗೆ ಬಸ್ಸು ತಪ್ಪುತ್ತದೆ, ಜ್ವರ ಬರುತ್ತದೆ, ಮನೆಯಲ್ಲಿ ಮದುವೆ ಇರುತ್ತದೆ. ಸಿನಿಮಾಕ್ಕೆ ಅಂತ ಮೊದಲ ತಿಂಗಳೇ ಹತ್ತು ದಿನ ಕಳೆದವರು ಕೊನೆಗೆ ಹಾಜರಿ ಕೊರತೆ ಮನ್ನಿಸಿ ಅಂತ ಕಂಡೊನೇಷನ್ ಅರ್ಜಿ ಹಿಡಿದು ಆಫೀಸಿನ ಕಿಟಕಿಯ ಮುಂದೆ ನಿಲ್ಲುತ್ತಾರೆ. ರಜೆ ಹಾಕಲೇಬೇಕು ಅಂತಿದ್ದರೆ ಟೈಮ್‌ಟೇಬಲ್ ನೋಡಿ ಹಾಕಿ. ಬರೀ ಥಿಯರಿ ಇರುವ ದಿನ ಮನೆಯಲ್ಲಿದ್ದರೂ ನಡೆದೀತು. ಅಕೌಂಟ್ಸ್‌ನಲ್ಲಿ ಹೊಸ ಪಾಠ ಶುರುವಾಗುವ ದಿನ ಮಾತ್ರ, ಬಸ್ಸಿಲ್ಲದಿದ್ದರೆ ಯಾರದ್ದಾದರೂ ಬೈಕ್ ಹತ್ತಿಯಾದರೂ ಹೋಗಿ.